ಒಳಗೆ ಎಷ್ಟು ಜನ ಇದ್ದೀರಿ?

ನಮ್ಮ ಮನೆಯಿಂದ ಆ ಹೋಟೆಲಿಗೆ ಬಸ್ಸು ಹತ್ತಿದರೆ ಒಂದು ತೂಕಡಿಕೆಗೂ ಸಾಲದಷ್ಟು ದೂರ. ಅಷ್ಟು ದೂರಕ್ಕೆ ನಾನು ಹೊಸ ಸೂಟ್‌ಕೇಸ್ ತಂದು, ಗಿಡಕ್ಕೆ ನೀರು ಹಾಕಿ ಎಂದು ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು, ದೇಶ ಬಿಟ್ಟು ಹೋಗುವವಳ ಹಾಗೆ ಹೊರಟಿದ್ದೆ. "ಎಲ್ಲಿಗೆ ಸವಾರಿ?" ಎಂದು ಪಕ್ಕದ ಮನೆಯಾಕೆ ಕೇಳಿದ್ದಕ್ಕೆ "ಇಲ್ಲೇ, ನಮ್ಮೂರಿಗೇ" ಎಂದು ಹಲ್ಲು ಕಿರಿದಿದ್ದೆ. ಈಗ ಅದನ್ನು ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ವಿಷಯ ಇಷ್ಟು. ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಊರಿನಲ್ಲಿ ಎಲ್ಲಿ ಲಿಫ್ಟ್ ನಿಂತರೂ ಮೊದಲು ಕೂಗುವುದು ಇವರ ಫೋನು. ಅದು ಕೂಗಿದರೆ ಇವರು ತಟ್ಟೆಯಲ್ಲಿ ಕೈ ತೊಳೆದು ಏಳುತ್ತಾರೆ. ಸಿನಿಮಾದ ನಡುವೆ ಎದ್ದಿದ್ದಾರೆ, ನನ್ನ ತಂಗಿಯ ಮದುವೆ ಫೋಟೋದ ನಡುವೆ ಎದ್ದಿದ್ದಾರೆ. ಆ ಫೋಟೋದಲ್ಲಿ ನನ್ನ ಪಕ್ಕ ಒಂದು ಖಾಲಿ ಜಾಗವಿದೆ, ನೋಡಿದವರೆಲ್ಲ ಇಲ್ಲಿ ಯಾರಿದ್ದರು ಎಂದು ಕೇಳುತ್ತಾರೆ. ನನ್ನ ಅಮ್ಮ ಆಸ್ಪತ್ರೆಯಲ್ಲಿ ಕೊನೆಯ ಉಸಿರು ಎಳೆಯುತ್ತಿದ್ದಾಗಲೂ ಅಷ್ಟೆ. ಎದುರಿನ ಕಟ್ಟಡದಲ್ಲಿ ಯಾರೋ ಸಿಕ್ಕಿಹಾಕಿಕೊಂಡಿದ್ದಾರೆಂದು ಇವರು ಎದ್ದು ಹೋದರು. ಬಂದಾಗ ಅಮ್ಮ ಇರಲಿಲ್ಲ. "ಜನ ಒಳಗೆ ಸಿಕ್ಕಿಹಾಕ್ಕೊಂಡಿದ್ದಾರೆ ಕಣೆ" ಎಂಬ ಒಂದು ಮಾತು ಸಾಕು, ನನ್ನ ಬಾಯಿಗೆ ಬೀಗ ಬೀಳುತ್ತದೆ. ಆ ಮಾತಿಗೆ ಯಾರು ತಾನೇ ಎದುರಾಡಲು ಆದೀತು? ಸಿಕ್ಕಿಹಾಕಿಕೊಂಡವರು ಅಲ್ಲೇ ಬಿದ್ದಿರಲಿ ಎನ್ನಲು ನಾನೇನು ರಾಕ್ಷಸಿಯೇ? ಹೀಗೆ ಬಾಯಿ ಮುಚ್ಚಿಕೊಂಡೇ ನಮ್ಮ ಸಂಸಾರ ಇಲ್ಲಿಯವರೆಗೆ ಬಂತು. ಮಕ್ಕಳಿಲ್ಲ. ಆ ಮಾತು ಇಲ್ಲಿ ಬೇಡ.

ನಾನು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಮುಂದಿನ ಕೋಣೆಯಲ್ಲಿ ಕನ್ನಡಿ, ದೀಪ, ನಗುವ ಹುಡುಗಿಯರು. ಹಿಂದಿನ ಕೋಣೆಯಲ್ಲಿ ನಾನು ಮತ್ತು ಗಾಜು ಉಜ್ಜುವ ಯಂತ್ರ. ಗಿರಾಕಿ ಆರಿಸಿದ ಫ್ರೇಮಿಗೆ ಸರಿಯಾಗಿ ಗಾಜಿನ ಅಂಚು ಉಜ್ಜಿ ಕೂರಿಸುವುದು ನನ್ನ ಕೆಲಸ. ನಮ್ಮ ಮಾಲೀಕರು ಬೇರೆ ಊರಿನಲ್ಲಿ ಹೊಸ ಅಂಗಡಿ ತೆಗೆಯುತ್ತಿದ್ದಾರೆ. ಅಲ್ಲಿಯ ಕೆಲಸದ ಕೋಣೆಯನ್ನು ನೀವೇ ನೋಡಿಕೊಳ್ಳಬೇಕು, ಇರಲು ಮನೆಯನ್ನೂ ಕೊಡುತ್ತೇನೆ, ಸೋಮವಾರ ಬೆಳಿಗ್ಗೆ ಏನೆಂದು ಹೇಳಿ ಎಂದಿದ್ದರು. ನನ್ನ ಗಂಡ ಅಲ್ಲಿಗೆ ಬರುವ ಮಾತೇ ಇಲ್ಲ. ಇವರ ಲಿಫ್ಟುಗಳೆಲ್ಲ ಇಲ್ಲೇ ಇವೆ. ಹೋದರೆ ನಾನೊಬ್ಬಳೇ ಹೋಗಬೇಕು. ಹೋದವಳು ಮತ್ತೆ ಬರುತ್ತೇನೋ ಇಲ್ಲವೋ, ಅದು ನನಗೂ ಗೊತ್ತಿರಲಿಲ್ಲ.

ಹೇಳಿದೆ. ಇವರು ಟೀ ಲೋಟ ಕೆಳಗಿಟ್ಟರು. ಆಗ ನಾನೇ ಬಾಯಿಬಿಟ್ಟು ಕೇಳಿದೆ.

"ಈ ಶನಿವಾರ ಭಾನುವಾರ ನನ್ನ ಜೊತೆ ಇರಿ. ಫೋನಿಲ್ಲ, ಸ್ಪ್ಯಾನರಿಲ್ಲ, ಲಿಫ್ಟಿಲ್ಲ. ಎರಡು ದಿನ ಗಂಡ ಹೆಂಡತಿ ಇರೋ ಹಾಗೆ ಇದ್ರೆ ನಾನು ಎಲ್ಲಿಗೂ ಹೋಗೋದಿಲ್ಲ. ನಡುವೆ ಎದ್ದು ಹೋದ್ರೋ, ನಾನೂ ಎದ್ದು ಹೋಗ್ತೀನಿ. ಆಮೇಲೆ ಹೇಳ್ಲಿಲ್ಲ ಅನ್ಬೇಡಿ."

"ಆಯ್ತು," ಎಂದರು. ಮಾರನೆಯ ದಿನವೇ ಸಂಭ್ರಮದಿಂದ ಬಂದು ಹೇಳಿದರು: "ದೂರ ಹೋದ್ರೆ ಎರಡೂ ದಿನ ದಾರಿಯಲ್ಲೇ ಹೋಗಿಬಿಡುತ್ತೆ. ನಮ್ಮೂರಲ್ಲೇ ದೊಡ್ಡ ಹೋಟೆಲಲ್ಲಿ ರೂಮ್ ಮಾಡಿದೀನಿ. ಪರವೂರಿನವರ ಹಾಗೆ ಆರಾಮಾಗಿ ಇರೋಣ."

ಇವರ ತಲೆಗೆ ಇಂಥದ್ದೂ ಹೊಳೆಯುತ್ತದಲ್ಲ ಎಂದು ನಾನು ಕರಗಿಹೋದೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮೋಸ ಮಾಡಿದ್ದರು ಮಹಾರಾಯರು.

ಶನಿವಾರ ಚೆನ್ನಾಗಿತ್ತು. ಇದನ್ನು ಹೇಳಲೇಬೇಕು, ಹೇಳದಿದ್ದರೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ. ರೂಮು ಮೇಲಿನ ಮಹಡಿಯಲ್ಲಿತ್ತು. ಕಿಟಕಿಯಿಂದ ನೋಡಿದರೆ ಊರು ನಮ್ಮದಲ್ಲವೇನೋ ಎಂಬಂತೆ ಕಾಣುತ್ತಿತ್ತು. ನಮ್ಮ ಬೀದಿಯ ನೀರಿನ ಟ್ಯಾಂಕನ್ನು ನಾನು ಹುಡುಕಿ ತೋರಿಸಿದೆ, ಇವರು ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ನೋಡಿದರು. ಸಂಜೆ ಹೋಟೆಲಿನ ಹಿಂದಿನ ಬೀದಿಗಳಲ್ಲಿ ಸುತ್ತಿದೆವು. ಹಳೆಯ ಗಡಿಯಾರದ ಅಂಗಡಿ, ಮರದ ನೆರಳಿನಲ್ಲಿ ಚದುರಂಗ ಆಡುವ ಮುದುಕರು. ಹುಟ್ಟಿದಾಗಿನಿಂದ ಇದೇ ಊರಿನಲ್ಲಿದ್ದರೂ ಆ ಬೀದಿಗೆ ನಾನು ಕಾಲಿಟ್ಟಿರಲಿಲ್ಲ. ಇವರು ತಮಾಷೆ ಮಾಡಿದರು, ಐಸ್‌ಕ್ರೀಮ್ ಕೊಡಿಸಿದರು, ನಾನು ಮಾತಾಡುವಾಗ ನನ್ನ ಮುಖವನ್ನೇ ನೋಡಿದರು. ನದಿಯ ಆ ಕಡೆಗೆ ಹೋಗಿ ದೋಣಿ ಹತ್ತೋಣ ಎಂದಾಗ ಮಾತ್ರ "ಕಾಲು ನೋಯ್ತಾ ಇದೆ ಕಣೆ, ಇಲ್ಲೇ ಇರೋಣ" ಎಂದರು. ಊರಿನ ಮಹಡಿಯನ್ನೆಲ್ಲ ಹತ್ತಿ ಇಳಿಯುವ ಕಾಲಿಗೆ ನೋವೇ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ರೂಮಿಗೆ ಬೇಗ ಹೋಗುವ ಆಸೆ ಇರಬೇಕು ಎಂದುಕೊಂಡು ನಾಚಿಕೆಪಟ್ಟೆ. ಆ ನಾಚಿಕೆಗೆ ಬೆಂಕಿ ಹಾಕ.

ಮಲಗುವಾಗ ಮನಸ್ಸಿನಲ್ಲೇ ಮಾಲೀಕರಿಗೆ ಉತ್ತರ ಬರೆದುಕೊಂಡೆ. ಬೇಡ ಸರ್, ಮನೆ ಕಡೆ ತೊಂದರೆಯಾಗುತ್ತೆ, ಬೇರೆ ಯಾರನ್ನಾದರೂ ನೋಡಿ ಎಂದು.

ಭಾನುವಾರ ಬೆಳಿಗ್ಗೆ ತಿಂಡಿಗೆ ಕರೆದರೆ ಇವರು "ನೀನು ಹೋಗಿ ಕೂತಿರು, ಗಡ್ಡ ಮಾಡ್ಕೊಂಡು ಬರ್ತೀನಿ" ಎಂದರು. ನಾನು ಲಿಫ್ಟ್ ಹತ್ತಿದೆ. ಒಳಗೆ ಆಗಲೇ ಇಬ್ಬರಿದ್ದರು. ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಬಕ್ಕತಲೆಯವರೊಬ್ಬರು, ಪಕ್ಕದಲ್ಲಿ ಅವರ ತೋಳು ಹಿಡಿದ ಅಜ್ಜಿ. ಹೋಟೆಲಿನಲ್ಲಿ ಕಿವಿ ಡಾಕ್ಟರುಗಳ ದೊಡ್ಡ ಸಮ್ಮೇಳನ ನಡೆಯುತ್ತಿತ್ತು. ಅವರೂ ಒಬ್ಬ ಕಿವಿ ಡಾಕ್ಟರು, ಅಜ್ಜಿ ಅವರ ತಾಯಿ. ಅಜ್ಜಿಯ ಕಿವಿ ಪೂರಾ ಕೆಟ್ಟಿತ್ತು. ಅಜ್ಜಿಯ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅದರ ಕಡ್ಡಿಯನ್ನು ಚೂರು ಬಗ್ಗಿಸಿದರೆ ಸರಿಹೋಗುತ್ತದೆ ಎಂದು ನಾನು ನೋಡುತ್ತಿರುವಾಗಲೇ ಲಿಫ್ಟ್ ಒಂದು ಸಲ ಕುಲುಕಿ ನಿಂತುಬಿಟ್ಟಿತು.

ಗಂಟೆಯ ಗುಂಡಿ ಒತ್ತಿದೆ. ಗೋಡೆಯ ತೂತಿನಿಂದ ಗಂಡಸಿನ ದನಿ ಬಂತು. ಹೋಟೆಲಿನ ಮ್ಯಾನೇಜರಂತೆ.

"ದಯವಿಟ್ಟು ಗಾಬರಿ ಆಗ್ಬೇಡಿ. ನಮ್ಮ ಮೆಕ್ಯಾನಿಕ್ ಇಲ್ಲೇ ಇದ್ದಾರೆ. ಸಮ್ಮೇಳನ ಮುಗಿಯೋ ತನಕ ಇರ್ಲಿ ಅಂತ ಅವರಿಗೆ ಇಲ್ಲೇ ರೂಮು ಕೊಟ್ಟಿದೀವಿ. ಈಗ ಬಂದ್ಬಿಡ್ತಾರೆ."

ನನಗೆ ಹೊಳೆಯಲಿಲ್ಲ. ಯಾವಳೋ ಪಾಪದವಳ ಗಂಡ, ಭಾನುವಾರವೂ ಬಿಡುವಿಲ್ಲ ಎಂದುಕೊಂಡೆ. ಮರುಕವೂ ಬಂತು.

"ಏನಂತೆ?" ಎಂದಳು ಅಜ್ಜಿ.

"ಮೆಕ್ಯಾನಿಕ್ ಬರ್ತಾನಂತೆ ಅಮ್ಮಾ!" ಡಾಕ್ಟರು ಅವಳ ಕಿವಿಗೆ ಬಾಯಿಟ್ಟು ಕೂಗಿದರು.

ಹೊರಗೆ ಹೆಜ್ಜೆ ಸಪ್ಪಳವಾಯಿತು. ಬಾಗಿಲಿನ ಮೇಲೆ ಕಬ್ಬಿಣದಿಂದ ಎರಡು ಸಲ ತಟ್ಟಿದ ಸದ್ದು. ಆಮೇಲೆ ದನಿ.

"ಹೆದರ್ಬೇಡಿ. ನಾನಿದ್ದೀನಿ. ಬಾಗಿಲಿಂದ ಸ್ವಲ್ಪ ಹಿಂದೆ ನಿಂತ್ಕೊಳ್ಳಿ. ಒಳಗೆ ಎಷ್ಟು ಜನ ಇದ್ದೀರಿ?"

ನನ್ನ ಕಾಲ ಕೆಳಗಿನ ನೆಲ ಇನ್ನೊಮ್ಮೆ ಕುಲುಕಿತು ಅನ್ನಿಸಿತು. ಲಿಫ್ಟ್ ಅಲ್ಲಾಡಿರಲಿಲ್ಲ. ಅದು ನನ್ನ ಗಂಡನ ದನಿ. ಗಡ್ಡ ಮಾಡಿಕೊಂಡು ಬರುತ್ತೇನೆಂದು ರೂಮಿನಲ್ಲಿ ಉಳಿದ ನನ್ನ ಗಂಡ. ಶನಿವಾರ ಇಡೀ ದಿನ ಹೋಟೆಲಿನಿಂದ ನಾಲ್ಕು ಬೀದಿ ಆಚೆಗೆ ನನ್ನನ್ನು ಬಿಡದೆ, ಐಸ್‌ಕ್ರೀಮ್ ತಿನ್ನಿಸಿ, ಕಣ್ಣಿಗೆ ಮಣ್ಣೆರಚಿದ ನನ್ನ ಗಂಡ. ಸಂಸಾರ ಉಳಿಸಿಕೊಳ್ಳಲಿ ಎಂದು ನಾನು ಕೇಳಿದ ಎರಡು ದಿನವನ್ನು ಡ್ಯೂಟಿಗೆ ಹಾಕಿಕೊಂಡಿದ್ದರು. ನನ್ನನ್ನು ಊಟದ ಡಬ್ಬಿಯ ಹಾಗೆ ಜೊತೆಗೆ ಹೊತ್ತು ತಂದಿದ್ದರು.

"ಮೂರು ಜನ," ಎಂದರು ಡಾಕ್ಟರು.

"ಒಬ್ಬೊಬ್ಬರಾಗಿ ಮಾತಾಡಿ ಸರ್. ಎಲ್ಲರ ದನಿಯೂ ಕೇಳ್ಬೇಕು ನನಗೆ."

"ನಾನು ಸರಿಯಾಗಿದೀನಿ." ಡಾಕ್ಟರು ತಾಯಿಯ ಕಿವಿಗೆ ಬಾಯಿಟ್ಟು, "ನೀನೂ ಏನಾದ್ರೂ ಹೇಳ್ಬೇಕಂತೆ!" ಎಂದರು.

"ನನಗೇನಾಗಿದೆಯಪ್ಪಾ, ಗುಂಡುಕಲ್ಲಿನ ಹಾಗಿದೀನಿ," ಎಂದಳು ಅಜ್ಜಿ ಬಾಗಿಲಿನ ಕಡೆಗೆ. "ನಿನ್ನದು ತಿಂಡಿ ಆಯ್ತಾ?"

"ಆಗುತ್ತೆ ಅಜ್ಜಿ, ನಿಮ್ಮನ್ನ ಇಳಿಸಿದ ಮೇಲೆ." ಹೊರಗೆ ನಗುವಿನ ದನಿ. "ಮೂರನೆಯವರು?"

ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

"ಒಬ್ಬರು ಮೇಡಂ ಇದ್ದಾರೆ. ಚೆನ್ನಾಗೇ ಇದ್ದಾರೆ," ಎಂದರು ಡಾಕ್ಟರು.

"ಅದನ್ನ ಅವರೇ ಹೇಳ್ಬೇಕು ಸರ್. ಕೂಗಾಡೋರ ಬಗ್ಗೆ ನನಗೆ ಭಯ ಇಲ್ಲ. ಮಾತಾಡದೆ ಸುಮ್ನೆ ನಿಂತಿರ್ತಾರಲ್ಲ, ಮೊದಲು ಕುಸಿಯೋರು ಅವರೇ. ಮೇಡಂ, ಕೇಳಿಸ್ತಾ ಇದೆಯಾ? ಅವಸರ ಇಲ್ಲ. ನಿಧಾನಕ್ಕೆ ಉಸಿರಾಡಿ. ನಿಮ್ಮ ದನಿ ಕೇಳೋ ತನಕ ನಾನು ಇಲ್ಲಿಂದ ಕದಲೋದಿಲ್ಲ."

ಎಷ್ಟು ಮೃದುವಾಗಿತ್ತು ಆ ದನಿ! ಅಷ್ಟು ಮೆತ್ತಗೆ ಮಾತಾಡಲು ಇವರಿಗೆ ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅಮ್ಮ ಹೋದ ಮೇಲೆ ತಿಂಗಳುಗಟ್ಟಲೆ ನಾನು ಅಡುಗೆಮನೆಯಲ್ಲಿ ಮಾತಿಲ್ಲದೆ ನಿಂತಿದ್ದೆ. ಇವರು ನನ್ನ ಬೆನ್ನ ಹಿಂದಿನಿಂದ ನೀರಿನ ಬಾಟಲಿ ತೆಗೆದುಕೊಂಡು ಹೋಗುತ್ತಿದ್ದರು. ಮುಖ ಕಾಣದ ಯಾವಳೋ ಮೇಡಂ ಸುಮ್ಮನಿದ್ದರೆ ಕದಲುವುದಿಲ್ಲವಂತೆ. ಸಿಟ್ಟು ನೆತ್ತಿಗೇರಿತು.

"ರೀ," ಎಂದೆ.

ಹೊರಗೆ ಏನೋ ಠಣ್ಣೆಂದು ಕೆಳಗೆ ಬಿತ್ತು.

"...ನೀನಾ?"

"ಹೌದು, ನಾನೇ. ಉಸಿರಾಡ್ತಾ ಇದೀನಿ. ನಿಮ್ಮ ಗಡ್ಡ ಆಯ್ತಾ?"

ಡಾಕ್ಟರು ನನ್ನನ್ನೂ ಬಾಗಿಲನ್ನೂ ನೋಡಿ, ಕಿವಿ ನೆಟ್ಟಗೆ ಮಾಡಿಕೊಂಡರು.

"ಏನಂತೆ?" ಎಂದಳು ಅಜ್ಜಿ.

"ಆ ಮೆಕ್ಯಾನಿಕ್ ಈ ಮೇಡಂ ಗಂಡನಂತೆ!"

"ನೋಡು, ನಾನು ಹೇಳೋದು ಕೇಳು," ಹೊರಗಿನ ದನಿ ಈಗ ತಗ್ಗಿತ್ತು. "ಮೊದಲು ನಿಮ್ಮನ್ನ ಇಳಿಸ್ತೀನಿ. ಆಮೇಲೆ ರೂಮಲ್ಲಿ ಮಾತಾಡೋಣ."

"ಯಾವ ರೂಮು? ನಿಮ್ಮ ಡ್ಯೂಟಿ ರೂಮಾ?"

ಆಗ ಮ್ಯಾನೇಜರು ಬಂದಿದ್ದರೆಂದು ಕಾಣುತ್ತದೆ. ಪಾಪ, ಸಹಾಯ ಮಾಡಲು ಹೋಗಿ ಉರಿಯುವ ಬೆಂಕಿಗೆ ಎಣ್ಣೆ ಸುರಿದರು. "ಮೇಡಂ, ಇವರದ್ದೇನೂ ತಪ್ಪಿಲ್ಲ. ರೂಮು ದೊಡ್ಡದಿದೆ, ಮನೆಯವರನ್ನೂ ಕರ್ಕೊಂಡು ಬನ್ನಿ, ಬೇಜಾರು ಕಳೆಯುತ್ತೆ ಅಂತ ನಾವೇ ಹೇಳಿದ್ವಿ."

"ಕೇಳಿಸ್ಕೊಂಡ್ರಾ?" ಎಂದೆ ಡಾಕ್ಟರಿಗೆ. ಯಾಕೆ ಅವರಿಗೆ ಹೇಳಿದೆನೋ ಗೊತ್ತಿಲ್ಲ, ಹತ್ತಿರದಲ್ಲಿ ಇನ್ನಾರೂ ಇರಲಿಲ್ಲ. "ಇವರಿಗೆ ಬೇಜಾರು ಕಳೆಯೋಕೆ ನಾನು. ಈ ಎರಡು ದಿನ ನನ್ನ ಜೊತೆ ಇದ್ರೆ ಊರು ಬಿಟ್ಟು ಹೋಗೋದಿಲ್ಲ ಅಂತ ಬಾಯಿಬಿಟ್ಟು ಹೇಳಿದ್ದೆ. ನಾಳೆ ಬೆಳಿಗ್ಗೆ ಉತ್ತರ ಕೊಡ್ಬೇಕು. ಅದು ಗೊತ್ತಿದ್ದೂ ನನ್ನನ್ನ ಇಲ್ಲಿ ತಂದು ಕೂರಿಸಿದಾರೆ."

"ಏನಂತೆ?"

"ಊರು ಬಿಟ್ಟು ಹೋಗ್ತಾರಂತೆ!" ಎಂದು ಡಾಕ್ಟರು ಕೂಗಿದ್ದು ಎಲ್ಲ ಮಹಡಿಗೂ ಕೇಳಿಸಿರಬೇಕು.

"ರೀ, ಮಾತಾಡದೆ ಇರೋರನ್ನ ಮೊದಲು ವಿಚಾರಿಸ್ಬೇಕು ಅಂದ್ರಲ್ಲ," ಎಂದೆ. "ಅದು ಬರೀ ಲಿಫ್ಟಿಗಾ? ನಾನು ಎಷ್ಟು ವರ್ಷ ಮಾತಾಡ್ದೆ ಇದ್ದೆ ನಿಮ್ಮ ಮನೇಲಿ? ಒಂದು ದಿನ ನಿಮಗೆ ಭಯ ಆಗ್ಲಿಲ್ವಾ?"

ಡಾಕ್ಟರು ಇದನ್ನು ಮಾತ್ರ ತಾಯಿಗೆ ಕೂಗಿ ಹೇಳಲಿಲ್ಲ.

"ಹೋಗಿ," ಎಂದೆ ಕೊನೆಗೆ. "ಮೇಲೆ ಹೋಗಿ ಅದೇನು ತಿರುಗಿಸ್ಬೇಕೋ ತಿರುಗಿಸಿ. ಈ ಅಜ್ಜಿಗೆ ಹಸಿವಾಗಿದೆ."

ಇವರ ಹೆಜ್ಜೆ ದೂರವಾಯಿತು. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಎಲ್ಲೋ ಗರಗರ ಸದ್ದು, ಲಿಫ್ಟ್ ಬೆರಳಿನಷ್ಟು ಬೆರಳಿನಷ್ಟೇ ಕೆಳಗಿಳಿಯತೊಡಗಿತು. ಇವರು ಮೇಲಿನ ಕೋಣೆಯಲ್ಲಿ ಕೈಯಿಂದ ಚಕ್ರ ತಿರುಗಿಸುತ್ತಿದ್ದಾರೆ, ಅಂಗೈಯಲ್ಲಿ ಬೊಬ್ಬೆ ಬರುತ್ತದೆ, ರಾತ್ರಿ ನಾನೇ ಮುಲಾಮು ಹಚ್ಚಬೇಕು ಎಂದು ಅಭ್ಯಾಸಬಲದಿಂದ ಅಂದುಕೊಂಡೆ. ಅಂದುಕೊಂಡದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಅಜ್ಜಿ ನನ್ನ ಕೈ ಹಿಡಿದುಕೊಂಡಳು. "ನಿನ್ನ ಗಂಡನೇನಮ್ಮಾ? ಒಳ್ಳೆಯ ಹುಡುಗ. ಎಷ್ಟು ಚೆನ್ನಾಗಿ ವಿಚಾರಿಸ್ದ!"

"ಹೌದಜ್ಜಿ," ಎಂದೆ. "ಅದೇ ಕಷ್ಟ." ಅವಳಿಗೆ ಕೇಳಿಸಲಿಲ್ಲ. ನಕ್ಕು ತಲೆಯಾಡಿಸಿದಳು.

ಬಾಗಿಲು ತೆರೆದಾಗ ಇವರು ಕಂಪನಿಯ ನೀಲಿ ಅಂಗಿ ತೊಟ್ಟು ನಿಂತಿದ್ದರು. ನನ್ನ ಹೊಸ ಸೂಟ್‌ಕೇಸಿನಲ್ಲಿ, ನನ್ನ ಸೀರೆಯ ಅಡಿಯಲ್ಲಿ ಬಚ್ಚಿಟ್ಟು ತಂದಿದ್ದ ಅಂಗಿ. ಮುಖದ ಒಂದು ಕಡೆ ಗಡ್ಡ ಹೋಗಿತ್ತು, ಇನ್ನೊಂದು ಕಡೆ ಇತ್ತು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅಜ್ಜಿಯನ್ನು ಮೊಟ್ಟೆಯ ಹಾಗೆ ಹುಷಾರಾಗಿ ಇಳಿಸಿಕೊಂಡರು. ಡಾಕ್ಟರು ಇವರ ಕೈ ಕುಲುಕಿ, ನನ್ನ ಕಡೆ ನೋಡಿ, ಏನೋ ಹೇಳಲು ಹೋಗಿ ನಾಲಿಗೆ ಕಚ್ಚಿಕೊಂಡು, ತಾಯಿಯನ್ನು ಕರೆದುಕೊಂಡು ಹೋದರು. ಇವರು ನನಗೂ ಕೈ ಚಾಚಿದರು. ನಾನು ಹಿಡಿಯದೆ ಇಳಿದೆ.

ಮ್ಯಾನೇಜರು ಅತ್ತ ಸರಿದು, ಗೋಡೆಯ ಚಿತ್ರವನ್ನು ಈಗಷ್ಟೇ ಕಂಡವರ ಹಾಗೆ ನೋಡುತ್ತ ನಿಂತರು.

"ಕಂಪನಿಯವರು ರಜ ಕೊಡ್ಲಿಲ್ಲ ಕಣೆ," ಎಂದರು ಇವರು. "ಸಮ್ಮೇಳನ ಮುಗಿಯೋವರೆಗೂ ಒಬ್ಬ ಇಲ್ಲೇ ಇರ್ಬೇಕು ಅಂದ್ರು. ನನಗೂ ನಿನ್ನ ಜೊತೆ ಇರ್ಬೇಕು ಅಂತಿತ್ತು. ಎರಡೂ ಒಟ್ಟಿಗೆ ಆಗುತ್ತಲ್ಲ ಅಂದ್ಕೊಂಡೆ. ಲಿಫ್ಟ್ ಕೆಡದೆ ಇದ್ದಿದ್ರೆ ನಿನಗೆ ಗೊತ್ತೂ ಆಗ್ತಿರ್ಲಿಲ್ಲ."

"ಅಂದ್ರೆ ನಾನು ಇವತ್ತು ಸಂಜೆ ಮನೆಗೆ ಹೋಗಿ, ನಾಳೆ ಮಾಲೀಕರಿಗೆ ಬೇಡ ಅಂದು, ಬದುಕಿರೋ ತನಕ ಈ ಎರಡು ದಿನ ನೆನೆಸ್ಕೊಂಡು ಖುಷಿಯಾಗಿರ್ತಿದ್ದೆ. ಅಲ್ವಾ?"

ಇವರು ತಲೆ ತಗ್ಗಿಸಿದರು. ನನಗೆ ಅಲ್ಲೇ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಆದರೆ ಆ ಅರ್ಧ ಗಡ್ಡದ ಮುಖ ನೋಡಿ, ಇನ್ನೊಂದೇ ಒಂದು ಸಲ ಕೇಳೋಣ ಎಂದೂ ಅನ್ನಿಸಿತು. ಇಷ್ಟು ವರ್ಷ ಜೊತೆಗಿದ್ದ ಮೇಲೆ ಒಂದು ಮಾತಿಗಾದರೂ ಆಸೆಪಡುವುದು ತಪ್ಪಲ್ಲ.

"ಆಗಿದ್ದು ಆಯ್ತು," ಎಂದೆ. "ಈಗ ನನ್ನ ಮುಖ ನೋಡಿ ಹೇಳಿ. ನಾನು ಹೋಗ್ಬೇಕಾ, ಇರ್ಬೇಕಾ? ಕಂಪನಿ ಬೇಡ, ಲಿಫ್ಟ್ ಬೇಡ. ನಿಮಗೆ ಏನು ಬೇಕು ಹೇಳಿ. ಇರು ಅಂದ್ರೆ ಈಗ್ಲೂ ಇರ್ತೀನಿ."

ಇವರು ನನ್ನನ್ನು ನೋಡಿದರು. ಬಾಯಿ ತೆರೆದರು. ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಕಣ್ಣು ಅಲ್ಲಿ ಇಲ್ಲಿ ಓಡಾಡಿತು, ದಾರಿ ತಪ್ಪಿದವರ ಹಾಗೆ. ನಾನು ಕಾದೆ. ನಿಜವಾಗಿಯೂ ಕಾದೆ.

ಅಷ್ಟರಲ್ಲಿ ಮ್ಯಾನೇಜರ ಕೈಯಲ್ಲಿದ್ದ ವಾಕಿಟಾಕಿ ಗರಗರ ಎಂದಿತು. ಕೇಳಿಸಿಕೊಂಡು, ಹಿಂಜರಿಯುತ್ತಲೇ ಹೇಳಿದರು: "ಸಾಮಾನು ಸಾಗಿಸೋ ಲಿಫ್ಟೂ ನಿಂತಿದೆಯಂತೆ. ಅವಸರ ಏನಿಲ್ಲ, ಒಳಗೆ ಯಾರೂ ಇಲ್ಲ. ನೀವು ಮಾತು ಮುಗಿಸಿ ಆರಾಮಾಗಿ ಬನ್ನಿ."

ನನ್ನ ಗಂಡನ ಮುಖ ನೋಡುತ್ತಲೇ ಇದ್ದೆ, ಹಾಗಾಗಿ ಕಂಡಿತು. ಬಿಗಿದುಕೊಂಡಿದ್ದ ಹಣೆ ಸಡಿಲವಾಯಿತು. ಹೆಗಲು ಕೆಳಗಿಳಿಯಿತು. ಆಳವಾಗಿ ಒಂದು ಉಸಿರು ಬಿಟ್ಟರು. ನೀರಿನಲ್ಲಿ ಮುಳುಗಿದ್ದವರಿಗೆ ಕಾಲಿಗೆ ನೆಲ ಸಿಕ್ಕ ಹಾಗೆ.

"ಎರಡೇ ನಿಮಿಷ," ಎಂದರು. "ನೋಡಿ ಬಂದ್ಬಿಡ್ತೀನಿ. ಇಲ್ಲೇ ಇರು."

ಸ್ಪ್ಯಾನರಿನ ಚೀಲ ಎತ್ತಿಕೊಂಡು ಮೆಟ್ಟಿಲಿನ ಕಡೆಗೆ ಓಡಿದರು. ಕಾಲು ನೋವಿನ ಸುಳಿವೂ ಇರಲಿಲ್ಲ. ಮ್ಯಾನೇಜರು ನನ್ನ ಮುಖ ನೋಡಲಾರದೆ ಅವರ ಹಿಂದೆಯೇ ಹೋದರು.

ಇಷ್ಟು ವರ್ಷ ಆ ಲಿಫ್ಟುಗಳ ಒಳಗಿರುವ ಜನರಿಗಾಗಿ ಇವರು ಓಡುತ್ತಾರೆ ಎಂದುಕೊಂಡಿದ್ದೆ. ಅದಕ್ಕಾಗಿಯೇ ಬಾಯಿ ಮುಚ್ಚಿಕೊಂಡಿದ್ದೆ. ಅಮ್ಮನ ಮಂಚದ ಪಕ್ಕದಲ್ಲೂ ಹಾಗೆಯೇ ಅಂದುಕೊಂಡು ಕ್ಷಮಿಸಿದ್ದೆ. ಇವತ್ತು ಒಳಗೆ ಯಾರೂ ಇರಲಿಲ್ಲ.

ಅಲ್ಲೇ ಗೋಡೆಗೊರಗಿ ಫೋನ್ ತೆಗೆದು ಮಾಲೀಕರಿಗೆ ಮಾಡಿದೆ. ಭಾನುವಾರದ ನಿದ್ದೆಯಿಂದ ಎದ್ದವರ ದನಿಯಲ್ಲಿ "ಏನಮ್ಮಾ, ಸೋಮವಾರ ಅಂದಿದ್ದೆನಲ್ಲ" ಎಂದರು.

"ಬರ್ತೀನಿ ಸರ್," ಎಂದೆ. "ಯಾವತ್ತು ಹೊರಡ್ಬೇಕು ಹೇಳಿ."

"ಸಂತೋಷ. ಆದ್ರೆ ಮನೆಯವರನ್ನ ಸರಿಯಾಗಿ ಕೇಳಿದೀರಿ ತಾನೆ? ಆಮೇಲೆ ಅವರಿಗೆ ಬೇಸರ ಆಗ್ಬಾರ್ದು ನೋಡಿ."

"ಕೇಳ್ದೆ ಸರ್," ಎಂದೆ. "ಅವರಿಗೆ ಸಮಾಧಾನವೇ ಆಗುತ್ತೆ. ಕಣ್ಣಾರೆ ನೋಡಿದೀನಿ."